ಕಾಲು ಹಳೆಯದು, ಹಲಗೆ ಹೊಸದು: ಮೇಜಿನ ಬಗ್ಗೆ ಓದುಗರ ಪ್ರಶ್ನೆಗಳು

ಮನೆಯ ಮರದ ಸಾಮಾನುಗಳ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಈ ಬಾರಿ ಹೆಚ್ಚಿನವು ಮೇಜಿನ ಮೇಲ್ಹಲಗೆಯ ಸುತ್ತಲೇ ಇದ್ದುದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿದ್ದೇನೆ, ಉದ್ದನೆಯ ಪತ್ರಗಳನ್ನು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ತಂದೆಯವರ ಕಾಲದ ಊಟದ ಮೇಜೊಂದು ನಮ್ಮಲ್ಲಿದೆ. ಹಲಗೆಯ ಮೇಲೆ ಬಿರುಕು, ಸುಟ್ಟ ಕಲೆ. ಒಂದು ಮೂಲೆಯಂತೂ ನೀರು ಕುಡಿದು ಉಬ್ಬಿಹೋಗಿದೆ. ಕಾಲುಗಳು ಗಟ್ಟಿಯಾಗಿರುವಂತೆ ಕಾಣುತ್ತವೆ. ನಾವು ವಿಚಾರಿಸಿದ ಬಡಗಿಯವರು ಇದಕ್ಕೆ ಖರ್ಚು ಮಾಡುವ ಬದಲು ಹೊಸದನ್ನೇ ಮಾಡಿಸಿ ಎನ್ನುತ್ತಾರೆ. ಹಲಗೆಯನ್ನು ಮಾತ್ರ ಬದಲಾಯಿಸುವುದು ಸರಿಯೇ?

ಉತ್ತರ: ಮೇಜಿನಲ್ಲಿ ನಿಜವಾಗಿ ಕೈಚಳಕ ಬೇಡುವ ಭಾಗವೆಂದರೆ ಕಾಲುಗಳೂ ಅವುಗಳನ್ನು ಹಿಡಿದಿಟ್ಟಿರುವ ನಾಲ್ಕು ಅಡ್ಡಪಟ್ಟಿಗಳೂ ಸೇರುವ ಜಾಗಗಳು. ಮೇಲ್ಹಲಗೆ ನೋಡುವವರ ಕಣ್ಣಿಗೆ ಮೊದಲು ಬೀಳುತ್ತದಾದರೂ ಮಾಡಲು ಸುಲಭವಾದದ್ದು ಅದೇ. ಆದ್ದರಿಂದ ಈ ಬೆಸುಗೆಗಳು, ಅಂದರೆ ಮರದ ಜೋಡಣೆಗಳು, ಬಿಗಿಯಾಗಿದ್ದರೆ ಹಲಗೆಯನ್ನು ಬದಲಾಯಿಸುವುದು ಲಾಭದ ಕೆಲಸ. ಅವು ಸಡಿಲವಾಗಿದ್ದರೆ ಎಷ್ಟೇ ಒಳ್ಳೆಯ ಹಲಗೆಯನ್ನು ಹೊದಿಸಿದರೂ ಮೇಜು ಓಲಾಡುವುದು ನಿಲ್ಲುವುದಿಲ್ಲ.

ಇದನ್ನು ತಾವೇ ಪರೀಕ್ಷಿಸಬಹುದು. ಒಬ್ಬರು ಮೇಜಿನ ಎರಡು ಮೂಲೆಗಳನ್ನು ಹಿಡಿದು ಮೊದಲು ಉದ್ದಕ್ಕೆ, ಅನಂತರ ಅಡ್ಡಕ್ಕೆ ಮೆಲ್ಲಗೆ ತಳ್ಳುತ್ತಿರಲಿ. ಇನ್ನೊಬ್ಬರು ಕೆಳಗೆ ಕುಳಿತು ಪ್ರತಿಯೊಂದು ಕಾಲೂ ಪಟ್ಟಿಯೂ ಸೇರುವ ಗೆರೆಯನ್ನು ಟಾರ್ಚು ಹಿಡಿದು ನೋಡಲಿ. ತಳ್ಳಿದಾಗ ಕೂದಲೆಳೆಯಷ್ಟು ಸಂದು ತೆರೆದು, ಬಿಟ್ಟಾಗ ಮುಚ್ಚಿಕೊಂಡರೆ ಒಳಗಿನ ಅಂಟು ಬಿಟ್ಟುಹೋಗಿದೆ ಎಂದರ್ಥ. ಇದು ಗಾಬರಿಪಡುವ ವಿಷಯವಲ್ಲ. ಆ ಜೋಡಣೆಯನ್ನು ಬಿಚ್ಚಿ, ಹಳೆಯ ಅಂಟನ್ನು ಮರ ಕಾಣುವವರೆಗೆ ಕೆರೆದು ತೆಗೆದು, ಹೊಸ ಅಂಟು ಹಾಕಿ ಕ್ಲ್ಯಾಂಪಿನಲ್ಲಿ ಬಿಗಿದರೆ ಮತ್ತೆ ಮೊದಲಿನಂತಾಗುತ್ತದೆ. ಗಟ್ಟಿಯಾದ ಹಳೆಯ ಅಂಟಿನ ಮೇಲೆಯೇ ಬಿಳಿ ಗೋಂದು ಸುರಿದು, ಸಾಲದೆಂದು ಮೇಲಿಂದ ಮೊಳೆ ಹೊಡೆಯುವ ದುರಸ್ತಿ ಮಾತ್ರ ಬೇಡ. ಗೋಂದು ಮರಕ್ಕೆ ಇಳಿಯದೆ ಹಿಡಿಯುವುದಿಲ್ಲ. ಪಟ್ಟಿಯ ತುದಿಯಿಂದ ಕಾಲಿನೊಳಕ್ಕೆ ಹೋಗಿರುವ ನಾಲಗೆಯನ್ನು ಮೊಳೆ ಸೀಳುತ್ತದೆ.

ಕಾಲುಗಳ ತಳಕ್ಕೆ ಚೂಪಾದ ಸೂಜಿಮೊಳೆಯೊಂದನ್ನು ಒತ್ತಿ ನೋಡಿ; ಬೆಣ್ಣೆಗೆ ಇಳಿದಂತೆ ಇಳಿದರೆ ಒಳಗೆ ಕೊಳೆತಿದೆ ಅಥವಾ ಗೆದ್ದಲು ತಿಂದಿದೆ. ಮರದಲ್ಲಿ ಗುಂಡುಸೂಜಿಯ ತಲೆಯಷ್ಟು ತೂತುಗಳಿದ್ದರೆ ಅಷ್ಟಕ್ಕೇ ಮೇಜನ್ನು ಎಸೆಯಬೇಕಾಗಿಲ್ಲ, ಏಕೆಂದರೆ ಕುಟ್ಟೆ ಹುಳು ಬಿಟ್ಟುಹೋಗಿ ಎಷ್ಟೋ ವರ್ಷಗಳಾದ ಬಳಿಕವೂ ತೂತುಗಳು ಉಳಿದಿರುತ್ತವೆ. ಕೆಳಗೆ ಕಪ್ಪು ಕಾಗದ ಹರಡಿ ಕೆಲವು ವಾರ ಬಿಡಿ. ಅದರ ಮೇಲೆ ತಿಳಿಬಣ್ಣದ ಹಿಟ್ಟು ಹೊಸದಾಗಿ ಬಿದ್ದರೆ ಹುಳು ಇನ್ನೂ ಜೀವಂತವಾಗಿದೆ. ಮೊದಲು ಅದಕ್ಕೆ ಔಷಧಿ ಹಾಕಿಸಿ, ಆಮೇಲೆ ಹಲಗೆಯ ಮಾತು.

ಮೇಜು ಕುಂಟುವುದನ್ನು ನೋಡಿ ಕಾಲು ಗಿಡ್ಡವಾಗಿದೆ ಎಂದು ತೀರ್ಮಾನಿಸಿ ಗರಗಸ ಹಿಡಿಯುವವರಿದ್ದಾರೆ. ಬಹಳಷ್ಟು ಸಲ ತಪ್ಪು ನೆಲದ್ದು. ನಾಲ್ಕೂ ಕಾಲುಗಳು ಸಮನಾಗಿರುವ ಚೌಕ ಮೇಜು ಏರುತಗ್ಗಿನ ನೆಲದ ಮೇಲೆ ಕುಂಟುತ್ತಿದ್ದರೆ, ಇದ್ದಲ್ಲೇ ಅದನ್ನು ನಿಧಾನವಾಗಿ ತಿರುಗಿಸುತ್ತ ಹೋದಾಗ ಸುತ್ತಿನ ನಾಲ್ಕನೇ ಒಂದು ಭಾಗ ಮುಗಿಯುವುದರೊಳಗೆ ನಾಲ್ಕೂ ಕಾಲುಗಳು ನೆಲಕ್ಕೆ ತಾಗುವ ನಿಲುವೊಂದು ಸಿಗುತ್ತದೆ. ನೆಲ ಮೆಟ್ಟಿಲಿನಂತೆ ಒಮ್ಮೆಲೇ ಕಡಿದಿರಬಾರದು, ಅಷ್ಟೆ. ಗಣಿತಜ್ಞರು ಇದನ್ನು ಸಾಧಿಸಿ ತೋರಿಸಿದ್ದಾರೆ.

ಇನ್ನೊಂದು ಮಾತು. ಹಲಗೆ ನಿಜವಾಗಿಯೂ ಕೆಲಸಕ್ಕೆ ಬಾರದಂತಾಗಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಬಿಳಿ ಕಲೆಗಳು ಸಾಮಾನ್ಯವಾಗಿ ಪಾಲಿಶಿನಲ್ಲಿರುತ್ತವೆ, ಮರದಲ್ಲಿ ಅಲ್ಲ. ಜೋಡಿಸಿದ ಹಲಗೆಗಳ ಸಂದಿನಲ್ಲೇ ನೇರವಾಗಿ ಬಂದ ಬಿರುಕನ್ನು ಬಿಡಿಸಿ ಮತ್ತೆ ಅಂಟಿಸಬಹುದು. ಗಟ್ಟಿ ಮರದ ಹಲಗೆಯಾದರೆ ಅದನ್ನು ಮಗುಚಿ ತಳಭಾಗವನ್ನು ಮೇಲೆ ಮಾಡಿ ಹತ್ತರಿ ಹೊಡೆಸಿದರೂ ಸಾಕಾಗಬಹುದು. ಮೇಜು ಕೈಕೆತ್ತನೆಯ, ತುಂಬ ಹಳೆಯ ಮಾದರಿಯದಾಗಿದ್ದರೆ ಮೂಲ ಹಲಗೆ ಹೋದೊಡನೆ ಅದರ ಬೆಲೆಯೂ ಇಳಿಯುತ್ತದೆ. ಅಂಥದನ್ನು ತಿಳಿದವರಿಗೆ ತೋರಿಸದೆ ಮುಟ್ಟಬೇಡಿ. ಇದಕ್ಕೆ ತದ್ವಿರುದ್ಧವಾಗಿ, ಚೌಕಟ್ಟು ಮರದ ಪುಡಿಯನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನದಾಗಿದ್ದರೆ ತಮ್ಮ ಬಡಗಿಯವರ ಮಾತೇ ಸರಿ: ಒಮ್ಮೆ ತೂತು ಹಿಗ್ಗಿದ ಮೇಲೆ ಅದರಲ್ಲಿ ಸ್ಕ್ರೂ ನಿಲ್ಲುವುದಿಲ್ಲ.

ಪ್ರಶ್ನೆ: ಹಳೆಯ ಹಲಗೆಯನ್ನು ನಾನೇ ಬಿಚ್ಚಬೇಕೆಂದಿದ್ದೇನೆ. ಚೌಕಟ್ಟಿಗೆ ಪೆಟ್ಟಾಗದಂತೆ ತೆಗೆಯುವುದು ಹೇಗೆ?

ಉತ್ತರ: ನೆಲಕ್ಕೆ ದಪ್ಪ ಕಂಬಳಿ ಹಾಸಿ, ಇಬ್ಬರು ಸೇರಿ ಮೇಜನ್ನು ಮಗುಚಿಡಿ. ಕಾಲನ್ನು ಹಿಡಿದು ಎತ್ತಬೇಡಿ, ಪಟ್ಟಿಯನ್ನು ಹಿಡಿದು ಎತ್ತಿ. ಈಗ ಪಟ್ಟಿಗಳ ಒಳಮೈಯನ್ನು ಸುತ್ತಲೂ ನೋಡಿದರೆ ಓರೆಯಾಗಿ ತೋಡಿದ ಗುಳಿಗಳಲ್ಲಿ ಸ್ಕ್ರೂಗಳೋ, ತಗಡಿನ ಕೋನಪಟ್ಟಿಗಳೋ, ಮೂಲೆಗಳಲ್ಲಿ ಅಂಟಿಸಿದ ಮರದ ತುಂಡುಗಳೋ ಕಾಣಿಸುತ್ತವೆ. ಸ್ಕ್ರೂ ಒಂದೂ ಕಾಣದಿದ್ದರೆ ಮೇಲಿನಿಂದ ಮೊಳೆ ಹೊಡೆದು ತಲೆಯನ್ನು ಪುಟ್ಟಿಯಿಂದ ಮುಚ್ಚಿರುತ್ತಾರೆ. ಹಲಗೆಯ ಮೇಲೆ ಅಂಚಿನಿಂದ ಒಂದೇ ದೂರದಲ್ಲಿ ಸಾಲಾಗಿರುವ ಸಣ್ಣ ಬೊಟ್ಟುಗಳೇ ಅದರ ಗುರುತು. ತುಕ್ಕು ಹಿಡಿದ ಸ್ಕ್ರೂವನ್ನು ಬಿಚ್ಚುವ ಮುನ್ನ ಒಂದಿಷ್ಟು ಬಿಗಿಯುವ ಕಡೆಗೆ ತಿರುಗಿಸಿದರೆ ಅದು ಕಚ್ಚು ಬಿಡುತ್ತದೆ. ಅಂಟಿಸಿದ ಕಡೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ ಕಾದಿರಿ. ಹಳೆಯ ಕಾಲದ ಪ್ರಾಣಿಜನ್ಯ ಅಂಟು ಬಿಸಿಗೂ ತೇವಕ್ಕೂ ಮೆತ್ತಗಾಗುತ್ತದೆ. ಆಮೇಲೆ ತೆಳ್ಳಗಿನ ಅಗಲ ಅಲಗನ್ನು ಸಂದಿನಲ್ಲಿ ತೂರಿಸಿ ಸ್ವಲ್ಪ ಸ್ವಲ್ಪವೇ ಎಬ್ಬಿಸಬೇಕು. ಸುತ್ತಿಗೆಯಿಂದ ಬಡಿಯಲೇಬೇಕೆಂದಾದರೆ ನಡುವೆ ಮರದ ತುಂಡಿಟ್ಟು, ಪಟ್ಟಿಗೆ ಹತ್ತಿರದಲ್ಲಿ ಬಡಿಯಿರಿ.

ಹಲಗೆ ಬಂದೊಡನೆ ಒಲೆಗೆ ಹಾಕಬೇಡಿ. ಹೊಸದಕ್ಕೆ ಅದೇ ಅಚ್ಚು. ಹಳೆಯ ಮೇಜುಗಳು ಕಣ್ಣಿಗೆ ಕಾಣುವಷ್ಟು ಚೌಕವಾಗಿರುವುದಿಲ್ಲ. ಚೌಕಟ್ಟಿನ ಎರಡು ಕರ್ಣಗಳನ್ನು ಅಳೆದು ನೋಡಿ. ಎರಡೂ ಸಮನಾಗಿಲ್ಲದಿದ್ದರೆ ಚೌಕಟ್ಟು ಒಂದು ಕಡೆಗೆ ಓರೆಯಾಗಿದೆ ಎಂದು ತಿಳಿಯುತ್ತದೆ. ಇದಕ್ಕಿಂತ ಮುಖ್ಯವಾದದ್ದು ನಾಲ್ಕು ಮೂಲೆಗಳೂ ಒಂದೇ ಸಮತಲದಲ್ಲಿವೆಯೇ ಎಂಬುದು. ಎದುರುಬದುರು ಮೂಲೆಗಳ ನಡುವೆ ಎರಡು ದಾರಗಳನ್ನು ಬಿಗಿಯಾಗಿ ಎಳೆದು ಕಟ್ಟಿದಾಗ, ಅವು ಅಡ್ಡಹಾಯುವಲ್ಲಿ ಒಂದನ್ನೊಂದು ಮುಟ್ಟಿಯೂ ಮುಟ್ಟದಂತಿರಬೇಕು. ನಡುವೆ ಬೆಳಕು ಕಂಡರೂ ಒಂದು ದಾರ ಇನ್ನೊಂದನ್ನು ಒತ್ತಿ ಬಗ್ಗಿಸಿದರೂ ಚೌಕಟ್ಟು ತಿರುಚಿಕೊಂಡಿದೆ. ಎತ್ತರವಿರುವ ಮೂಲೆಯನ್ನು ಕೀಸುಳಿಯಿಂದ ಇಳಿಸಿ ಸಮಮಾಡಿಕೊಳ್ಳದೆ ಹೊಸ ಹಲಗೆಯನ್ನು ಬಿಗಿದರೆ ಅದೂ ಅದೇ ತಿರುಚನ್ನು ಕಲಿಯುತ್ತದೆ.

ಪ್ರಶ್ನೆ: ಹೊಸ ಹಲಗೆ ತೇಗದ್ದಾಗಬೇಕೆ, ಪ್ಲೈವುಡ್ ಸಾಕೆ? ಗ್ರಾನೈಟ್ ಹಾಕಿಸಿದರೆ ಜೀವಮಾನ ನಿಶ್ಚಿಂತೆ ಎಂದು ಮನೆಯವರ ಅಭಿಪ್ರಾಯ.

ಉತ್ತರ: ಆಯ್ಕೆಯನ್ನು ಹಳೆಯ ಕಾಲುಗಳ ಶಕ್ತಿಯಿಂದ ಆರಂಭಿಸಬೇಕು. 1500 ಮಿಲಿಮೀಟರ್ ಉದ್ದ, 900 ಮಿಲಿಮೀಟರ್ ಅಗಲದ ಮೇಜನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 18 ಮಿಲಿಮೀಟರ್ ಪ್ಲೈವುಡ್ಡಿನ ಹಲಗೆ ಸುಮಾರು 15 ಕಿಲೋ ತೂಗುತ್ತದೆ. 25 ಮಿಲಿಮೀಟರ್ ತೇಗದ್ದು 22 ಕಿಲೋದ ಆಸುಪಾಸು. 12 ಮಿಲಿಮೀಟರ್ ಗಾಜು 40 ಕಿಲೋ. 20 ಮಿಲಿಮೀಟರ್ ಗ್ರಾನೈಟಾದರೆ 70 ಕಿಲೋ ದಾಟುತ್ತದೆ. ಮರದ ಹಲಗೆಗಾಗಿ ಮಾಡಿದ ತೆಳುಕಾಲಿನ ಮೇಜು ಕಲ್ಲಿನ ಭಾರಕ್ಕೆ ಮುರಿದು ಬೀಳುತ್ತದೆ ಎಂದೇನೂ ಅಲ್ಲ. ನೇರವಾಗಿ ಕೆಳಗಿಳಿಯುವ ಭಾರವನ್ನು ಕಾಲುಗಳು ಸಲೀಸಾಗಿ ಹೊರುತ್ತವೆ. ತೊಂದರೆ ಬರುವುದು ಮೇಜನ್ನು ಎಳೆದಾಗ. ಅಷ್ಟು ಭಾರ ಮೇಲಿರುವಾಗ ಕಾಲಿನ ತುದಿ ನೆಲಕ್ಕೆ ಕಚ್ಚಿಕೊಂಡು, ಇಡೀ ಸೆಳೆತ ಬೆಸುಗೆಯ ಮೇಲೆ ಬೀಳುತ್ತದೆ. ಕಲ್ಲು ಬೇಕೇ ಬೇಕೆಂದಾದರೆ ಚೌಕಟ್ಟಿನ ನಡುವೆ ಹೆಚ್ಚುವರಿ ಅಡ್ಡಪಟ್ಟಿಗಳನ್ನು ಕೊಡಿಸಿ, ಮೇಜನ್ನು ಎಳೆಯದೆ ಎತ್ತಿಯೇ ಸರಿಸುವ ನಿಯಮ ಮಾಡಿಕೊಳ್ಳಿ. ಅಮೃತಶಿಲೆಯಂತೂ ಊಟದ ಮೇಜಿಗೆ ಹೊಂದುವುದಿಲ್ಲ. ನಿಂಬೆರಸದಂಥ ಹುಳಿ ಬಿದ್ದಲ್ಲಿ ಅದರ ಹೊಳಪು ಸವೆದು ಮಚ್ಚೆಯಾಗುತ್ತದೆ.

ಪ್ಲೈವುಡ್ಡಿನ ಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡವಾಗುವಂತೆ ಅಂಟಿಸಿರುವುದರಿಂದ ಅದು ಹಿಗ್ಗುವುದೂ ಕುಗ್ಗುವುದೂ ತೀರ ಕಡಿಮೆ. ಓದುವ ಮೇಜಿಗೆ, ಹೊಲಿಗೆಯ ಮೇಜಿಗೆ, ಮೈಕಾ ಅಥವಾ ವೆನೀರ್ (ಮರದ ತೆಳು ಹಾಳೆ) ಅಂಟಿಸಬೇಕೆಂದಿರುವ ಯಾವುದೇ ಹಲಗೆಗೆ ನನ್ನ ಮೊದಲ ಆಯ್ಕೆ ಅದೇ. ದಪ್ಪದಲ್ಲಿ ಮಾತ್ರ ಜುಗ್ಗತನ ಮಾಡಬೇಡಿ. ಬಾಗದೆ ನಿಲ್ಲುವ ಬಿಗುವು ದಪ್ಪದ ಘನಕ್ಕೆ, ಅಂದರೆ ದಪ್ಪ × ದಪ್ಪ × ದಪ್ಪಕ್ಕೆ, ತಕ್ಕಂತೆ ಏರುವುದರಿಂದ, 18ರ ಬದಲು 25 ಮಿಲಿಮೀಟರಿನ ಹಲಗೆ ಸುಮಾರು ಎರಡೂವರೆ ಪಟ್ಟಿಗಿಂತ ಹೆಚ್ಚು ಬಿಗುವಾಗಿರುತ್ತದೆ. 18ರದನ್ನೇ ಹಾಕುವುದಾದರೆ ಚೌಕಟ್ಟಿನ ನಡುವೆ ಒಂದು ಅಡ್ಡಪಟ್ಟಿ ಸೇರಿಸಿಕೊಳ್ಳಿ. ಪದರಗಳು ಕಾಣುವ ಅಂಚಿಗೆ ಗಟ್ಟಿ ಮರದ ಬೀಡಿಂಗ್ (ಅಂಚುಪಟ್ಟಿ) ಕೊಡಿಸುವುದು ಚಂದಕ್ಕಷ್ಟೇ ಅಲ್ಲ. ನೀರು ಮೊದಲು ನುಗ್ಗುವುದು ಅಲ್ಲಿಂದಲೇ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ನುಣುಪಾಗಿದ್ದು ಬಣ್ಣಕ್ಕೆ ಒಳ್ಳೆಯದು, ಆದರೆ ನೀರು ಕುಡಿದು ಉಬ್ಬಿದ ಅದರ ಅಂಚನ್ನು ಮೊದಲಿನಂತೆ ಮಾಡಲಾಗದು.

ಗಟ್ಟಿ ಮರದ ಹಲಗೆಗೆ ಬೇರೆಯದೇ ಗೌರವವಿದೆ. ಗೀಚು ಬಿದ್ದರೆ ಕೆರೆದು ತೆಗೆಯಬಹುದು, ಹಳತಾದರೆ ಹತ್ತರಿ ಹೊಡೆದು ಹೊಸದು ಮಾಡಬಹುದು, ಮತ್ತೆ ಒಂದು ತಲೆಮಾರು ಬಾಳುತ್ತದೆ. ಆದರೆ ಅದು ಬೇಡುವ ಎಚ್ಚರಿಕೆಯೂ ದೊಡ್ಡದು. ಆ ವಿಷಯ ಮುಂದಿನ ಪತ್ರದಲ್ಲೇ ಬಂದಿದೆ.

ಪ್ರಶ್ನೆ: ಹಳೆಯ ಮೇಜಿಗೆ ದುಬಾರಿ ತೇಗದ ಹಲಗೆ ಮಾಡಿಸಿದೆವು. ಒಣ ಹವೆ ಬಂದೊಡನೆ ಒಂದು ರಾತ್ರಿ ಪಟ್ಟನೆ ಶಬ್ದವಾಗಿ ನಡುವೆ ಉದ್ದಕ್ಕೆ ಸೀಳಿತು. ಸುತ್ತಲೂ ಅಂಟು ಹಚ್ಚಿ, ಸ್ಕ್ರೂ ಹಾಕಿ ಭದ್ರವಾಗಿ ಕೂರಿಸಿದ್ದರು. ಮರವೇ ಕಳಪೆಯಿತ್ತೆ?

ಉತ್ತರ: ಮರ ಕಳಪೆಯಿದ್ದಿರಬೇಕಾಗಿಲ್ಲ. ಅದನ್ನು ಭದ್ರವಾಗಿ ಕೂರಿಸಿದ್ದೇ ಸೀಳಿಗೆ ಕಾರಣ.

ಮರವನ್ನು ಕಡಿದು ಎಷ್ಟು ವರ್ಷವಾದರೂ ಅದು ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ತೇವ ಹೆಚ್ಚಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಚಲನೆ ಎಳೆಗೆ ಅಡ್ಡಲಾಗಿ ಮಾತ್ರ ಗಮನಕ್ಕೆ ಬರುವಷ್ಟಿರುತ್ತದೆ; ಎಳೆಯ ಉದ್ದಕ್ಕೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ತೇಗ ಇದ್ದುದರಲ್ಲಿ ಸ್ಥಿರವಾದ ಮರ. ಆದರೂ 900 ಮಿಲಿಮೀಟರ್ ಅಗಲದ ತೇಗದ ಹಲಗೆಯ ತೇವಾಂಶ ಶೇಕಡಾ 4ರಷ್ಟು ಬದಲಾದರೆ, ದಿಮ್ಮಿಯಿಂದ ಹಲಗೆಯನ್ನು ಕೊಯ್ದ ರೀತಿಯನ್ನು ಅವಲಂಬಿಸಿ ಅಗಲದಲ್ಲಿ 3ರಿಂದ 7 ಮಿಲಿಮೀಟರ್ ವ್ಯತ್ಯಾಸವಾಗುತ್ತದೆ. ಈಗ ಮೇಜಿನ ಗಿಡ್ಡ ಬದಿಯ ಪಟ್ಟಿಯನ್ನು ನೆನಪಿಗೆ ತಂದುಕೊಳ್ಳಿ. ಅದರ ಎಳೆ ಹಲಗೆಯ ಅಗಲದುದ್ದಕ್ಕೂ ಸಾಗುತ್ತದೆ, ಹಾಗಾಗಿ ಪಟ್ಟಿ ಕುಗ್ಗುವುದೇ ಇಲ್ಲ. ಕುಗ್ಗಬೇಕೆಂದಿರುವ ಹಲಗೆಯನ್ನು ಕುಗ್ಗದ ಪಟ್ಟಿಗೆ ಅಂಟು, ಸ್ಕ್ರೂ ಎರಡರಿಂದಲೂ ಬಿಗಿದರೆ ಎಲ್ಲೋ ಒಂದು ಕಡೆ ಬಿಡಲೇಬೇಕು. ತಮ್ಮ ಮೇಜಿನಲ್ಲಿ ಹಲಗೆಯ ನಡುಭಾಗ ಬಿಟ್ಟಿತು. ಮರ ಸೀಳದೆ ಹೋಗಿದ್ದರೆ ಚೌಕಟ್ಟಿನ ಬೆಸುಗೆ ಬಿಡುತ್ತಿತ್ತು, ಇಲ್ಲವೇ ಹಲಗೆ ಡೊಂಕಾಗುತ್ತಿತ್ತು.

ಆದ್ದರಿಂದ ಗಟ್ಟಿ ಮರದ ಮೇಲ್ಹಲಗೆಯನ್ನು ಎಂದೂ ಚೌಕಟ್ಟಿಗೆ ಅಂಟಿಸಬಾರದು. ಅದು ಮೇಲಕ್ಕೆ ಏಳದಂತೆ ಹಿಡಿದಿರಬೇಕು, ಅಕ್ಕಪಕ್ಕಕ್ಕೆ ಸರಿಯಲು ಬಿಟ್ಟಿರಬೇಕು. ಇದಕ್ಕೆ ಹಿಂದಿನಿಂದ ಬಂದ ಒಳ್ಳೆಯ ಉಪಾಯವೆಂದರೆ ಮರದ ಕಚ್ಚುತುಂಡುಗಳು. ಪಟ್ಟಿಯ ಒಳಮೈಯಲ್ಲಿ, ಮೇಲಂಚಿನಿಂದ ತುಸು ಕೆಳಗೆ ಒಂದು ಗಾಡಿಯನ್ನು, ಅಂದರೆ ಕಾಲುವೆಯಂಥ ಉದ್ದನೆಯ ಸಂದನ್ನು, ತೋಡುತ್ತಾರೆ. ಬೆರಳುದ್ದದ ಮರದ ತುಂಡಿನ ಒಂದು ತುದಿಯನ್ನು ನಾಲಗೆಯಂತೆ ಕೆತ್ತಿ ಆ ಗಾಡಿಯೊಳಗೆ ತೂರಿಸಿ, ಇನ್ನೊಂದು ತುದಿಯನ್ನು ಹಲಗೆಯ ತಳಕ್ಕೆ ಸ್ಕ್ರೂ ಮಾಡುತ್ತಾರೆ. ಹಲಗೆ ಹಿಗ್ಗಿದಾಗ ನಾಲಗೆ ಗಾಡಿಯಲ್ಲಿ ಜಾರುತ್ತದೆ, ಹಿಡಿತ ಮಾತ್ರ ಬಿಡುವುದಿಲ್ಲ. ಉದ್ದ ಬದಿಯ ಪಟ್ಟಿಗಳಲ್ಲಿ ನಾಲಗೆಯ ತುದಿಗೂ ಗಾಡಿಯ ತಳಕ್ಕೂ ನಡುವೆ ಕೆಲವು ಮಿಲಿಮೀಟರ್ ಜಾಗ ಬಿಡುವುದು ಕಡ್ಡಾಯ. ಗಿಡ್ಡ ಬದಿಗಳಲ್ಲಿ ತುಂಡು ಗಾಡಿಯ ಉದ್ದಕ್ಕೆ ಸರಿಯುವುದರಿಂದ ಅಲ್ಲಿ ಗಾಡಿಯೇ ತುಂಡಿಗಿಂತ ಉದ್ದವಾಗಿರಬೇಕು. ಇದೇ ಕೆಲಸ ಮಾಡುವ ಉಕ್ಕಿನ ಮಡಿಕೆಪಟ್ಟಿಗಳೂ ಸಿಗುತ್ತವೆ. ಅದೂ ಬೇಡವೆಂದರೆ ಕೋನಪಟ್ಟಿಯಲ್ಲಿ ದುಂಡು ತೂತಿನ ಬದಲು ಉದ್ದನೆಯ ತೂತಿರುವುದನ್ನು ತಂದು, ಆ ಉದ್ದ ಹಲಗೆಯ ಅಗಲದ ದಿಕ್ಕಿಗೆ ಬರುವಂತೆ ಕೂರಿಸಿ, ವಾಷರ್ ಸಮೇತ ಸ್ಕ್ರೂ ಹಾಕಿ. ಬಿಗಿಯುವಾಗ ಕೊನೆಯ ಅರ್ಧ ಸುತ್ತನ್ನು ಉಳಿಸಿ.

ಹಲಗೆಯ ನಡುಗೆರೆಯಲ್ಲಿ, ಅಂದರೆ ಎರಡು ಗಿಡ್ಡ ಪಟ್ಟಿಗಳ ಮಧ್ಯಬಿಂದುವಿನಲ್ಲಿ ಒಂದೊಂದು ಸ್ಕ್ರೂವನ್ನು ಬಿಗಿಯಾಗಿಯೇ ಹಾಕಬಹುದು, ಹಾಕಬೇಕು ಕೂಡ. ಆಗ ಹಿಗ್ಗುಕುಗ್ಗು ಎರಡೂ ಕಡೆಗೆ ಸಮನಾಗಿ ಹಂಚಿಹೋಗಿ, ಒಂದು ಅಂಚು ಹೊರಕ್ಕೂ ಇನ್ನೊಂದು ಒಳಕ್ಕೂ ಸರಿದು ಮೇಜು ವಿಕಾರವಾಗುವುದು ತಪ್ಪುತ್ತದೆ. ಸ್ಕ್ರೂವಿನ ಉದ್ದವನ್ನು ಹಾಕುವ ಮೊದಲೇ ಲೆಕ್ಕ ಮಾಡಿ: ಅದು ಹಲಗೆಯ ದಪ್ಪದ ಮೂರನೇ ಎರಡು ಭಾಗಕ್ಕಿಂತ ಆಳ ಇಳಿಯಬಾರದು. 18 ಮಿಲಿಮೀಟರ್ ಹಲಗೆಯಾದರೆ 12 ಮಿಲಿಮೀಟರ್ ಸಾಕು. ಡ್ರಿಲ್ಲಿನ ತುದಿಗೆ ಅಷ್ಟೇ ಅಳತೆಯಲ್ಲಿ ಬಣ್ಣದ ಟೇಪು ಸುತ್ತಿಕೊಂಡರೆ ಆಳ ತಪ್ಪುವುದಿಲ್ಲ.

ಸೀಳಿದ ತಮ್ಮ ಹಲಗೆಗೆ ಪುಟ್ಟಿ ತುಂಬಿಸಬೇಡಿ. ಮತ್ತೆ ತೇವದ ದಿನಗಳು ಬಂದಾಗ ಮರ ಹಿಗ್ಗಲು ಹೋಗಿ, ಗಟ್ಟಿಯಾದ ಪುಟ್ಟಿ ಅಡ್ಡ ನಿಂತು, ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತದೆ. ಹಲಗೆಯನ್ನು ಚೌಕಟ್ಟಿನಿಂದ ಬಿಡಿಸಿ, ಬಿರುಕಿನ ಗೆರೆಯಲ್ಲೇ ಪೂರ್ತಿ ಕೊಯ್ದು, ಎರಡೂ ಅಂಚುಗಳನ್ನು ನೇರವಾಗಿ ಕೀಸಿ ಮರಳಿ ಅಂಟಿಸಿದರೆ ಅಗಲ ಒಂದಿಷ್ಟು ಕಡಿಮೆಯಾದೀತು, ಆದರೆ ಹಲಗೆ ಉಳಿಯುತ್ತದೆ. ಹಲಗೆಯ ತುಂಡುಗಳನ್ನು ಒಂದಕ್ಕೊಂದು ಅಂಟಿಸುವುದರಿಂದ ತೊಂದರೆಯಿಲ್ಲ, ಏಕೆಂದರೆ ಅವುಗಳ ಎಳೆ ಒಂದೇ ದಿಕ್ಕಿನಲ್ಲಿದ್ದು ಒಟ್ಟಿಗೇ ಹಿಗ್ಗುಕುಗ್ಗುತ್ತವೆ. ಸರಿಯಾಗಿ ಅಂಟಿಸಿದ ಸಂದು ಸುತ್ತಲಿನ ಮರಕ್ಕಿಂತ ಗಟ್ಟಿಯಾಗಿರುತ್ತದೆ.

ಹೊಸದಾಗಿ ಮಾಡಿಸುವವರು ಕಾರ್ಖಾನೆಯಲ್ಲಿ ಹದಗೊಳಿಸಿದ ಮರವನ್ನೇ ಕೇಳಿ ಪಡೆಯಬೇಕು. ತಂದ ಹಲಗೆಗಳನ್ನು ಮೇಜು ಇರಬೇಕಾದ ಕೋಣೆಯಲ್ಲೇ, ನಡುನಡುವೆ ಸಣ್ಣ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿ, ಎರಡು ಮೂರು ವಾರ ಬಿಟ್ಟು ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳಬೇಕು. ಅವಸರದಲ್ಲಿ ಕೊಳ್ಳುವವರಿಗೂ ಅವಸರದಲ್ಲಿ ಮಾಡುವವರಿಗೂ ಇದು ರುಚಿಸುವುದಿಲ್ಲ, ಆದರೆ ಅಡ್ಡದಾರಿಯಿಲ್ಲ.

ಪ್ರಶ್ನೆ: ಹೊಸ ಹಲಗೆ 40 ಮಿಲಿಮೀಟರ್ ದಪ್ಪದ್ದು. ಮೇಜು ಗಂಭೀರವಾಗಿ ಕಾಣುತ್ತದೆ, ಆದರೆ ಬರೆಯುವಾಗ ಭುಜ ನೋಯುತ್ತದೆ. ಕಾಲುಗಳನ್ನು ತುಸು ಕತ್ತರಿಸಬಹುದೆ?

ಉತ್ತರ: ಕತ್ತರಿಸುವ ಮೊದಲು ಒಂದು ಅಳತೆ ತೆಗೆಯಿರಿ: ಪಟ್ಟಿಯ ಕೆಳಅಂಚಿನಿಂದ ನೆಲದವರೆಗೆ ಎಷ್ಟಿದೆ? ಬರೆಯುವ, ಉಣ್ಣುವ ಮೇಜುಗಳ ಎತ್ತರ ಸಾಮಾನ್ಯವಾಗಿ 720ರಿಂದ 760 ಮಿಲಿಮೀಟರ್ ನಡುವೆ ಇರುತ್ತದೆ. ಮಂಡಿಗಳು ಸಲೀಸಾಗಿ ಹೋಗಲು ಪಟ್ಟಿಯ ಕೆಳಗೆ ಕನಿಷ್ಠ 600 ಮಿಲಿಮೀಟರ್ ಬೇಕು. ತಮ್ಮ ಹಳೆಯ ಹಲಗೆ 20 ಮಿಲಿಮೀಟರ್ ಇದ್ದಿದ್ದರೆ ಈಗ ಎತ್ತರ 20 ಮಿಲಿಮೀಟರ್ ಏರಿದೆ, ಆದರೆ ಪಟ್ಟಿ ಮೊದಲಿದ್ದಲ್ಲೇ ಇದೆ. ಕಾಲನ್ನು ಕತ್ತರಿಸಿದರೆ ಭುಜದ ನೋವು ಹೋಗಿ ತೊಡೆಗೆ ಪಟ್ಟಿ ತಾಗಬಹುದು. ಜಾಗ ಧಾರಾಳವಾಗಿದ್ದರೆ ಮಾತ್ರ ಕತ್ತರಿಸಿ.

ಇನ್ನೂ ಹಲಗೆ ಮಾಡಿಸದವರಿಗೆ ಹೇಳುವುದಾದರೆ, ದಪ್ಪ ಕಾಣಬೇಕೆಂಬ ಆಸೆಗೆ ಇಡೀ ಹಲಗೆಯನ್ನು ದಪ್ಪ ಮಾಡಿಸಬೇಕಾಗಿಲ್ಲ. 20 ಮಿಲಿಮೀಟರ್ ಹಲಗೆಯ ಅಂಚಿನ ಕೆಳಗೆ, ಚೌಕಟ್ಟಿನ ಹೊರಗಡೆ ಇಳಿಬೀಳುವಂತೆ ಇನ್ನೊಂದು 20 ಮಿಲಿಮೀಟರ್ ಪಟ್ಟಿಯನ್ನು ಅಂಟಿಸಿದರೆ ನೋಡುವವರಿಗೆ 40 ಕಾಣುತ್ತದೆ, ಎತ್ತರವೂ ಏರುವುದಿಲ್ಲ, ಭಾರವೂ ಅಷ್ಟಾಗಿ ಹೆಚ್ಚುವುದಿಲ್ಲ. ಗಟ್ಟಿ ಮರದಲ್ಲಿ ಹೀಗೆ ಮಾಡುವಾಗ ಗಿಡ್ಡ ಬದಿಗೆ ಅಂಟಿಸುವ ಪಟ್ಟಿಯ ಎಳೆಯೂ ಹಲಗೆಯ ಎಳೆಯ ದಿಕ್ಕಿನಲ್ಲೇ ಇರುವಂತೆ ಕತ್ತರಿಸಿಕೊಳ್ಳಬೇಕು. ಇಲ್ಲವಾದರೆ ಮೇಲೆ ಹೇಳಿದ ಸೀಳಿನ ಕಥೆ ಇಲ್ಲಿಯೂ ನಡೆಯುತ್ತದೆ.

ಪ್ರಶ್ನೆ: ನಾಲ್ವರ ಮೇಜನ್ನು ಆರು ಜನರಿಗೆ ಆಗುವಂತೆ ಮಾಡಬೇಕು. ಕಾಲುಗಳನ್ನು ಹಾಗೆಯೇ ಇಟ್ಟು ಹಲಗೆಯನ್ನು ಮಾತ್ರ ಉದ್ದ ಮಾಡಿಸಬಹುದೇ?

ಉತ್ತರ: ಒಂದು ಮಿತಿಯವರೆಗೆ ಆಗುತ್ತದೆ. ಕಾಲುಗಳ ಹೊರಅಂಚಿನ ನಡುವಿನ ದೂರ 1200 ಮಿಲಿಮೀಟರ್, ಮೇಜಿನ ಒಟ್ಟು ತೂಕ 40 ಕಿಲೋ ಎಂದುಕೊಳ್ಳಿ. ಹಲಗೆ ಎರಡೂ ತುದಿಗಳಲ್ಲಿ 300 ಮಿಲಿಮೀಟರ್ ಹೊರಚಾಚಿದರೆ ತುತ್ತತುದಿಯಲ್ಲಿ 80 ಕಿಲೋ ಬಿದ್ದಾಗ ಆಚೆಯ ಕಾಲುಗಳು ಮೇಲೇಳಲು ಆರಂಭಿಸುತ್ತವೆ. 400 ಮಿಲಿಮೀಟರ್ ಚಾಚಿದರೆ 60 ಕಿಲೋ ಸಾಕು. ಮೇಜಿನ ತುದಿಯ ಮೇಲೆ ಒರಗಿ ಕೂರುವ ಅಭ್ಯಾಸ ಯಾರಿಗಿಲ್ಲ ಹೇಳಿ? ಹೊರಚಾಚನ್ನು 250 ಮಿಲಿಮೀಟರಿಗೆ ಮಿತಿಗೊಳಿಸುವುದು ಕ್ಷೇಮ. ಒಬ್ಬರಿಗೆ ಕೂರಲು 600 ಮಿಲಿಮೀಟರ್ ಬದಿ ಬೇಕೆಂಬ ಲೆಕ್ಕದಲ್ಲಿ ಹೀಗಾಗುವ 1700 ಮಿಲಿಮೀಟರ್ ಉದ್ದದ ಹಲಗೆಗೆ ಉದ್ದ ಬದಿಗಳಲ್ಲಿ ಇಬ್ಬಿಬ್ಬರು, ತುದಿಗಳಲ್ಲಿ ಒಬ್ಬೊಬ್ಬರು ಆರಾಮವಾಗಿ ಕೂರಬಹುದು. ತುದಿಯಲ್ಲಿ ಕುಳಿತವರ ಮಂಡಿಗೂ ಆ ಚಾಚಿನಿಂದಲೇ ಜಾಗ ಸಿಗುತ್ತದೆ.

ಪ್ರಶ್ನೆ: ಹೊಸ ಪ್ಲೈವುಡ್ ಹಲಗೆಯ ಮೇಲೆ ಮೈಕಾ ಅಂಟಿಸಿದ ಮೇಲೆ ಹಲಗೆ ಬಟ್ಟಲಿನಂತೆ ಬಾಗಿದೆ. ಏಕೆ?

ಉತ್ತರ: ಒಂದೇ ಮುಖಕ್ಕೆ ಅಂಟಿಸಿದ್ದರಿಂದ. ಮೈಕಾ ಇರುವ ಮುಖಕ್ಕೆ ತೇವ ತಾಗುವುದಿಲ್ಲ, ತೆರೆದ ಮುಖ ಮಾತ್ರ ಹೀರುತ್ತ ಬಿಡುತ್ತ ಇರುತ್ತದೆ. ಅಲ್ಲದೆ ಮೈಕಾ ತಾನೂ ಹವೆಗೆ ತಕ್ಕಂತೆ ತುಸು ಹಿಗ್ಗಿ ಕುಗ್ಗಿ ಹಲಗೆಯನ್ನು ಎಳೆಯುತ್ತದೆ. ತಳಕ್ಕೂ ಅಷ್ಟೇ ದಪ್ಪದ ಅಗ್ಗದ ಮೈಕಾ ಹಾಕಿಸಿದರೆ ಎಳೆತ ಎರಡೂ ಕಡೆ ಸಮನಾಗುತ್ತದೆ. ಈಗಾಗಲೇ ಬಾಗಿರುವುದು ಎರಡು ಮೂರು ಮಿಲಿಮೀಟರ್ ಆಗಿದ್ದರೆ ಗಟ್ಟಿ ಚೌಕಟ್ಟು ಅದನ್ನು ಸ್ಕ್ರೂಗಳ ಮೂಲಕ ಎಳೆದು ನೇರ ಮಾಡಬಲ್ಲುದು.

ಪ್ರಶ್ನೆ: ಮರದ ಬದಲು ಟಫನ್ಡ್ ಗಾಜು ಹಾಕಿಸಿದೆ. ಅಳತೆ ಒಂದು ಬದಿಗೆ ಸ್ವಲ್ಪ ಹೆಚ್ಚಾಗಿದೆ. ಕತ್ತರಿಸಿಕೊಡಲು ಅಂಗಡಿಯವರು ಒಪ್ಪುತ್ತಿಲ್ಲ.

ಉತ್ತರ: ಅವರು ಹೇಳುವುದು ಸರಿ. ಕಾಯಿಸಿ ಒಮ್ಮೆಲೇ ತಣಿಸಿ ಹದಮಾಡಿದ ಗಾಜಿನ ಹೊರಮೈ ಒತ್ತಡದಲ್ಲಿಯೂ ಒಳಭಾಗ ಸೆಳೆತದಲ್ಲಿಯೂ ಇರುತ್ತದೆ. ಅಂಚನ್ನು ಕತ್ತರಿಸಲು ಹೋದರೆ ಆ ಸಮತೋಲ ತಪ್ಪಿ ಇಡೀ ಹಾಳೆ ಹರಳು ಹರಳಾಗಿ ಉದುರುತ್ತದೆ. ಕತ್ತರಿಸುವುದು, ತೂತು ಕೊರೆಯುವುದು, ಅಂಚು ಉಜ್ಜುವುದು ಎಲ್ಲವೂ ಹದಮಾಡುವ ಮೊದಲೇ ಆಗಬೇಕು. ಹೆಚ್ಚಾಗಿರುವುದು ಅಲ್ಪವಾದರೆ ಗಾಜನ್ನು ಎರಡೂ ಬದಿಗೆ ಸಮನಾಗಿ ಹಂಚಿ ಇಟ್ಟುಬಿಡಿ. ಗಾಜು ಮತ್ತು ಚೌಕಟ್ಟಿನ ನಡುವೆ ಸಿಲಿಕೋನ್ ಬಿಲ್ಲೆಗಳಿರಲಿ. ಎದ್ದುನಿಂತ ಸ್ಕ್ರೂ ತಲೆಯೊಂದು ಗಾಜಿಗೆ ತಾಗಿದರೂ ಅಪಾಯ. ಗಾಜಿನ ಮೈಗಿಂತ ಮೂಲೆ, ಅಂಚುಗಳು ಪೆಟ್ಟಿಗೆ ಬೇಗ ಸೋಲುತ್ತವೆ ಎಂಬುದೂ ನೆನಪಿರಲಿ.

ಪ್ರಶ್ನೆ: ಹೊಸ ಮರದ ಹಲಗೆಗೆ ಯಾವ ಪಾಲಿಶ್ ಉತ್ತಮ? ತಳಕ್ಕೂ ಹಚ್ಚಬೇಕೆ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಹಚ್ಚಲೇಬೇಕು, ಮೇಲೆ ಎಷ್ಟು ಕೋಟು ಹಚ್ಚುತ್ತೀರೋ ತಳಕ್ಕೂ ಅಷ್ಟೇ. ಕಾಣದ ಮುಖವೆಂದು ಬರಿದೇ ಬಿಟ್ಟರೆ ಹಲಗೆ ಆ ಕಡೆಯಿಂದ ತೇವ ಹೀರಿ ಬಾಗುತ್ತದೆ. ಎಳೆಯ ಕೊನೆ ತೆರೆದಿರುವ ಗಿಡ್ಡ ಅಂಚುಗಳು ಎಲ್ಲಕ್ಕಿಂತ ಹೆಚ್ಚು ಹೀರುತ್ತವೆ. ಅವಕ್ಕೆ ಒಂದು ಕೋಟು ಹೆಚ್ಚೇ ಇರಲಿ.

ಅರಗಿನ ಪಾಲಿಶ್ ನೋಡಲು ಸುಂದರ, ದುರಸ್ತಿಗೂ ಸುಲಭ, ಆದರೆ ಬಿಸಿ ಪಾತ್ರೆಗೂ ಸ್ಪಿರಿಟ್ಟಿಗೂ ಅದು ತಡೆಯುವುದಿಲ್ಲ. ಪ್ರತಿದಿನ ಉಣ್ಣುವ, ಒರೆಸುವ ಮೇಜಿಗೆ ಪಿಯು, ಅಂದರೆ ಪಾಲಿಯುರೆಥೇನ್ ಲೇಪ, ಹಚ್ಚುವುದು ಮೇಲು; ಗೀಚು ಬಿದ್ದಲ್ಲಿ ಮಾತ್ರ ತೇಪೆ ಹಾಕುವುದು ಅದರಲ್ಲಿ ಕಷ್ಟ. ಓದುವ ಮೇಜಿಗೆ ನಾನು ಎಣ್ಣೆಯ ಲೇಪವನ್ನೇ ಇಷ್ಟಪಡುತ್ತೇನೆ. ಮರ ಮರದಂತೆಯೇ ಕಾಣುತ್ತದೆ, ಕಳೆಗುಂದಿದಾಗ ಮನೆಯವರೇ ಮತ್ತೊಮ್ಮೆ ಒರೆಸಿದರಾಯಿತು. ಯಾವುದನ್ನು ಆರಿಸಿದರೂ ಅದಕ್ಕೆ ಮೊದಲು ಸ್ಯಾಂಡ್‌ಪೇಪರಿನಲ್ಲಿ 80, 120, 180, 220 ಎಂದು ಒರಟಿನಿಂದ ನುಣುಪಿಗೆ ಕ್ರಮವಾಗಿ, ಎಳೆಯ ದಿಕ್ಕಿನಲ್ಲೇ ಉಜ್ಜಬೇಕು. ನಡುವಿನ ಒಂದು ಸಂಖ್ಯೆಯನ್ನು ಬಿಟ್ಟರೆ ಹಿಂದಿನದರ ಗೀರುಗಳು ಪಾಲಿಶ್ ಹಚ್ಚಿದ ಮೇಲೆ ಎದ್ದು ಕಾಣುತ್ತವೆ.

ಅಗಸೆ ಎಣ್ಣೆ ಬಳಸುವವರಿಗೆ ಒಂದು ಎಚ್ಚರಿಕೆ ಅಗತ್ಯ. ಆ ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗುವಾಗ ಶಾಖ ಹೊರಡುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಶಾಖ ಒಳಗೇ ಕೂಡಿಕೊಂಡು, ಕಿಡಿಯಿಲ್ಲದೆಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಬಯಲಿನಲ್ಲಿ ಒಂದೇ ಪದರವಾಗಿ ಹರಡಿ ಒಣಗಿಸಿ, ಅಥವಾ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ. ಲೇಪ ಪೂರ್ತಿ ಗಟ್ಟಿಯಾಗುವವರೆಗೆ ಮೇಜಿನ ಮೇಲೆ ಬಟ್ಟೆಯನ್ನಾಗಲಿ ಪ್ಲಾಸ್ಟಿಕ್ ಹಾಳೆಯನ್ನಾಗಲಿ ಹಾಸಬೇಡಿ. ಅದರ ಅಚ್ಚು ಲೇಪದಲ್ಲಿ ಉಳಿದುಬಿಡುತ್ತದೆ.